ಅಲ್ಪವೆಚ್ಚದ ಧ್ವನಿವರ್ಧಕ

ಹಳ್ಳಿಯ ಜಾತ್ರೆಯಾಗಲಿ, ಪಟ್ಟಣದ ಗಣೇಶೋತ್ಸವವಾಗಲಿ, ಕಾಲೇಜಿನ ವಾರ್ಷಿಕೋತ್ಸವವಾಗಲಿ, ಸಭೆ ಕೂಡುವ ಮುನ್ನ ಮೊದಲು ಕಿವಿಗೆ ಬೀಳುವ ಮಾತು 'ಹಲೋ, ಮೈಕ್ ಟೆಸ್ಟಿಂಗ್' ಎಂಬುದು. ನಮ್ಮ ಜನರಿಗೆ ಮೈಕು ಎಂದರೆ ಕೈಯಲ್ಲಿ ಹಿಡಿಯುವ ಉಪಕರಣವೊಂದೇ ಅಲ್ಲ. ತಂತಿ, ಪೆಟ್ಟಿಗೆ, ಕಂಬಕ್ಕೆ ಕಟ್ಟಿದ ಹಾರ್ನು ಎಲ್ಲವೂ ಸೇರಿ 'ಮೈಕ್ ಸೆಟ್' ಎನಿಸಿಕೊಳ್ಳುತ್ತದೆ. ಅದು ಹೆಚ್ಚು ಕೂಗಿದಷ್ಟೂ ಉತ್ತಮವೆಂಬ ನಂಬಿಕೆಯೂ ಬಲವಾಗಿ ಬೇರೂರಿದೆ. ಈ ನಂಬಿಕೆಯು ಹಣವನ್ನೂ ಕಿವಿಯನ್ನೂ ಒಟ್ಟಿಗೆ ಕೆಡಿಸತಕ್ಕದ್ದೆಂಬುದನ್ನು ನಾವು ಅನುಭವದಿಂದ ಕಲಿತೆವು.

ನಾವು ಪಾಠ ಹೇಳುವ ಕಾಲೇಜಿನ ಸಭಾಂಗಣವು ೧೬ ಮೀಟರ್ ಉದ್ದ, ೯ ಮೀಟರ್ ಅಗಲ, ೫ ಮೀಟರ್ ಎತ್ತರವಾಗಿದೆ. ಸಿಮೆಂಟಿನ ನೆಲ, ಬರಿಯ ಗೋಡೆಗಳು. ಕೆಲವು ವರ್ಷಗಳ ಹಿಂದೆ ವಾರ್ಷಿಕೋತ್ಸವಕ್ಕೆಂದು ಬಾಡಿಗೆಗೆ ತಂದ ಸೆಟ್ಟು ಸಾವಿರ ವ್ಯಾಟಿನದೆಂದು ಅದನ್ನು ತಂದವರು ಹೇಳಿದರು. ವಿದ್ಯಾರ್ಥಿಗಳ ನಾಟಕ ಆರಂಭವಾಯಿತು. ಗುಂಡಿಯನ್ನು ತಿರುಗಿಸಿ ಸದ್ದನ್ನು ಏರಿಸಿದರೆ ಸ್ಪೀಕರುಗಳು ಊಳಿಡತೊಡಗಿದವು. ಇಳಿಸಿದರೆ ಏನೂ ಕೇಳಿಸದು. ನಡುವೆ ಎಲ್ಲಿಯೋ ನಿಲ್ಲಿಸಿದಾಗ ಸದ್ದು ಧಾರಾಳವಾಗಿದ್ದಿತು, ಮಾತು ಮಾತ್ರ ಇರಲಿಲ್ಲ. ನಾಟಕ ಮುಗಿದ ಮೇಲೆ, ಮುಖ್ಯಪಾತ್ರ ವಹಿಸಿದ್ದ ವಿದ್ಯಾರ್ಥಿನಿಯ ತಾಯಿ ಕಡೆಯ ಸಾಲಿನಿಂದ ಎದ್ದು ಬಂದು, "ನಮ್ಮ ಹುಡುಗಿ ಏನಂದ್ಲು ಮೇಷ್ಟ್ರೇ? ಒಂದು ಮಾತೂ ತಿಳೀಲಿಲ್ಲವಲ್ಲ" ಎಂದರು. ಮಗಳ ಮಾತು ಕೇಳಲೆಂದು ಊರಿನಿಂದ ಬಸ್ಸು ಹತ್ತಿ ಬಂದಿದ್ದ ಆಕೆಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಧ್ವನಿಶಾಸ್ತ್ರವನ್ನು ಪಾಠ ಹೇಳುವವರು ನಾವೇ ಅಲ್ಲವೆ?

ಮರುದಿನವೇ ಆರು ಮಂದಿ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಎರಡು ವರ್ಷಗಳ ಬಾಡಿಗೆಯಷ್ಟು ಹಣದೊಳಗೆ ನಮ್ಮದೇ ಒಂದು ಧ್ವನಿವರ್ಧಕವನ್ನು ರಚಿಸಬೇಕೆಂದು ನಿಶ್ಚಯಿಸಿದೆವು. ಅದನ್ನು ರಚಿಸಿದ ಕ್ರಮವನ್ನೂ ಅದರ ಹಿಂದಿರುವ ತತ್ತ್ವಗಳನ್ನೂ ಇಲ್ಲಿ ವಿವರಿಸುತ್ತೇವೆ.

ನಾಲ್ಕು ಅಂಗಗಳು

ಯಾವ ಧ್ವನಿವರ್ಧಕ ವ್ಯವಸ್ಥೆಯಲ್ಲಿಯೂ ಮುಖ್ಯವಾಗಿ ನಾಲ್ಕು ಅಂಗಗಳಿರುವುವು. ಮೈಕು ಗಾಳಿಯ ಕಂಪನವನ್ನು ಕ್ಷೀಣವಾದ ವಿದ್ಯುತ್ತಿನ ಕಂಪನವಾಗಿ ಮಾರ್ಪಡಿಸುವುದು. ಮಿಕ್ಸರು ಹಲವು ಮೈಕುಗಳಿಂದ ಬಂದ ವಿದ್ಯುತ್ತನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವುದು. ಆಂಪ್ಲಿಫೈಯರು, ಅಂದರೆ ವರ್ಧಕವು, ಅದಕ್ಕೆ ಬಲ ತುಂಬುವುದು. ಸ್ಪೀಕರು ಆ ವಿದ್ಯುತ್ತನ್ನು ಮರಳಿ ಗಾಳಿಯ ಕಂಪನವನ್ನಾಗಿ ಮಾಡುವುದು. ಜೆನ್ಸನ್ ಮತ್ತು ಪ್ರಿಡಂ ಎಂಬಿಬ್ಬರು ೧೯೧೫ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಬಹಿರಂಗವಾಗಿ ಧ್ವನಿವರ್ಧಕವನ್ನು ಬಳಸಿ ತೋರಿಸಿದರು. ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿರುವ ಬಗೆಯ ಸ್ಪೀಕರಿನ ತತ್ತ್ವವನ್ನು ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ೧೯೨೫ರಲ್ಲಿ ಪ್ರಕಟಿಸಿದರು: ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿಸಿದ ಕಾಗದದ ಶಂಕು. ಅಂದಿನಿಂದ ವರ್ಧಕಗಳು ಬಹಳ ಬದಲಾಗಿವೆ. ಸ್ಪೀಕರು ಮೂಲದಲ್ಲಿ ಅಷ್ಟಾಗಿ ಬದಲಾಗಿಲ್ಲ.

ಎಷ್ಟು ವ್ಯಾಟ್ ಬೇಕು?

ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಲೆಕ್ಕ ಮಾಡತಕ್ಕದ್ದು. ಸದ್ದಿನ ಮಟ್ಟವನ್ನು ಡೆಸಿಬೆಲ್ಲುಗಳಲ್ಲಿ ಅಳೆಯುವರು. ಇದಕ್ಕೆ ಮೂರು ಸಂಗತಿಗಳನ್ನು ನೆನಪಿನಲ್ಲಿಟ್ಟರೆ ಸಾಕು. ವ್ಯಾಟುಗಳನ್ನು ಇಮ್ಮಡಿ ಮಾಡಿದರೆ ಸದ್ದು ೩ ಡೆಸಿಬೆಲ್ ಮಾತ್ರ ಏರುವುದು. ಹತ್ತು ಮಡಿ ಮಾಡಿದರೆ ೧೦ ಡೆಸಿಬೆಲ್ ಏರುವುದು. ಆಗ ಕಿವಿಗೆ ಸದ್ದು ಸುಮಾರು ಎರಡರಷ್ಟಾದಂತೆ ತೋರುವುದು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ೬ ಡೆಸಿಬೆಲ್ ಇಳಿಯುವುದು.

ಸ್ಪೀಕರನ್ನು ಕೊಳ್ಳುವಾಗ ಅದರ ಸಂವೇದನೆಯನ್ನು ಕೇಳಬೇಕು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ದೊರೆಯುವುದೆಂಬುದೇ ಈ ಸಂಖ್ಯೆ. ೯೫ ಡೆಸಿಬೆಲ್ ಸಂವೇದನೆಯ ಸ್ಪೀಕರೊಂದು ನಮ್ಮಲ್ಲಿದೆಯೆಂದು ಭಾವಿಸೋಣ. ಒಂದು ಮೀಟರಿನಿಂದ ೧೬ ಮೀಟರಿಗೆ ಹೋಗುವಷ್ಟರಲ್ಲಿ ದೂರವು ನಾಲ್ಕು ಬಾರಿ ಇಮ್ಮಡಿಯಾಗುವುದು. ಸದ್ದು ೨೪ ಡೆಸಿಬೆಲ್ ಇಳಿದು ೭೧ ಉಳಿಯುವುದು. ಎದುರಿಗೆ ಒಂದು ಮೀಟರ್ ದೂರದಲ್ಲಿ ನಿಂತು ಸಹಜವಾಗಿ ಆಡುವ ಮಾತು ಸುಮಾರು ೬೦ ಡೆಸಿಬೆಲ್. ಜನ ತುಂಬಿದ ಸಭಾಂಗಣದ ಗುಜುಗುಜುವನ್ನು ಮೀರಲು ಕಡೆಯ ಸಾಲಿನಲ್ಲಿ ೭೫ ಡೆಸಿಬೆಲ್ ಇದ್ದರೆ ಚೆನ್ನಾಯಿತು. ಅಂದರೆ ಇನ್ನು ನಾಲ್ಕು ಡೆಸಿಬೆಲ್ ಬೇಕು. ಅದಕ್ಕೆ ಸರಾಸರಿ ಎರಡೂವರೆ ವ್ಯಾಟ್ ಸಾಕು! ಮಾತಿನಲ್ಲಿ ಒಮ್ಮೊಮ್ಮೆ ಒತ್ತಿ ನುಡಿಯುವ ಅಕ್ಷರಗಳು ಸರಾಸರಿಗಿಂತ ಹತ್ತು ಹನ್ನೆರಡು ಡೆಸಿಬೆಲ್ ಮೇಲಕ್ಕೇರುವುದರಿಂದ ೨೫ರಿಂದ ೪೦ ವ್ಯಾಟುಗಳ ಶಕ್ತಿಯನ್ನು ಕೈಯಲ್ಲಿಟ್ಟುಕೊಂಡಿರಬೇಕು. ಐವತ್ತು ವ್ಯಾಟಿನ ವರ್ಧಕವಿದ್ದರೆ ನೆಮ್ಮದಿ.

ಹಾಗಾದರೆ ಸಾವಿರ ವ್ಯಾಟ್ ಎಂದದ್ದೇಕೆ? ಎಷ್ಟೋ ಪೆಟ್ಟಿಗೆಗಳ ಮೇಲೆ 'ಪಿ.ಎಂ.ಪಿ.ಓ.' ಎಂಬ ಅಕ್ಷರಗಳೊಡನೆ ದೊಡ್ಡ ದೊಡ್ಡ ಸಂಖ್ಯೆಗಳು ಅಚ್ಚಾಗಿರುತ್ತವೆ. ಕ್ಷಣಮಾತ್ರದ ಶಿಖರವನ್ನು ಮನಬಂದಂತೆ ಹಿಗ್ಗಿಸಿ ಬರೆದ ಆ ಸಂಖ್ಯೆಗೆ ಬೆಲೆಯಿಲ್ಲ. 'ಆರ್.ಎಂ.ಎಸ್.' ಎಂಬುದರ ಮುಂದಿರುವ ಸಂಖ್ಯೆಯನ್ನೇ ನೋಡಬೇಕು. ಅದನ್ನೂ ಪರೀಕ್ಷಿಸುವ ಉಪಾಯವುಂಟು. ಇಂದಿನ ಸಾಮಾನ್ಯ ಸೇತುವೆ ಮಾದರಿಯ ವರ್ಧಕದಲ್ಲಿ ಅಲೆಯ ಶಿಖರವು ಅದಕ್ಕೆ ಒದಗಿಸಿದ ವೋಲ್ಟೇಜನ್ನು ಮೀರಲಾರದು. ವೋಲ್ಟೇಜಿನ ವರ್ಗವನ್ನು ರೋಧದ ಎರಡರಷ್ಟರಿಂದ ಭಾಗಿಸಿದರೆ ದೊರೆಯಬಹುದಾದ ಗರಿಷ್ಠ ಶಕ್ತಿ ಬರುವುದು. ೨೪ ವೋಲ್ಟಿನಲ್ಲಿ ನಡೆಯುವ ವರ್ಧಕವು ೮ ಓಮ್ ಸ್ಪೀಕರಿಗೆ ೫೭೬ನ್ನು ೧೬ರಿಂದ ಭಾಗಿಸಿದಷ್ಟು, ಅಂದರೆ ೩೬ ವ್ಯಾಟುಗಳಿಗಿಂತ ಹೆಚ್ಚು ಕೊಡಲಾರದು. ಅದರ ಮೇಲೆ ನೂರು ಎಂದು ಬರೆದಿದ್ದರೂ ಅಷ್ಟೆ.

ಸ್ಪೀಕರುಗಳ ಕಂಬ

೯೫ ಡೆಸಿಬೆಲ್ ಸಂವೇದನೆಯ ದೊಡ್ಡ ಸ್ಪೀಕರುಗಳು ನಮ್ಮ ಹಣಕ್ಕೆ ಎಟುಕಲಿಲ್ಲ. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಆರು ಅಂಗುಲದ, ೮ ಓಮ್ ರೋಧದ, ೨೫ ವ್ಯಾಟ್ ತಾಳುವ ಸಣ್ಣ ಸ್ಪೀಕರುಗಳು ಅಗ್ಗವಾಗಿ ದೊರೆತವು. ಅವುಗಳ ಸಂವೇದನೆ ೮೯ ಡೆಸಿಬೆಲ್ ಮಾತ್ರ. ನಾವು ಎಂಟನ್ನು ಕೊಂಡು, ನಾಲ್ಕು ನಾಲ್ಕನ್ನು ಒಂದರ ಮೇಲೊಂದರಂತೆ ನಿಲ್ಲಿಸಿ ಎರಡು ಕಂಬಗಳನ್ನು ಮಾಡಿದೆವು.

ಎರಡು ಸ್ಪೀಕರುಗಳನ್ನು ಸರಣಿಯಲ್ಲಿ ಜೋಡಿಸಿದರೆ ೧೬ ಓಮ್. ಅಂಥ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಿದರೆ ಮತ್ತೆ ೮ ಓಮ್. ಹೀಗೆ ನಾಲ್ಕು ಸ್ಪೀಕರುಗಳಿದ್ದರೂ ವರ್ಧಕಕ್ಕೆ ಒಂದೇ ಇದ್ದಂತೆ. ಒಟ್ಟು ಒಂದು ವ್ಯಾಟ್ ಕೊಟ್ಟಾಗ ಒಂದೊಂದಕ್ಕೂ ಕಾಲು ವ್ಯಾಟ್ ಸಲ್ಲುವುದು. ಒಂದೊಂದೂ ಗಾಳಿಯಲ್ಲಿ ಉಂಟುಮಾಡುವ ಒತ್ತಡ ಅರ್ಧವಾಗುವುದು. ಆದರೆ ಎದುರಿಗೆ ದೂರದಲ್ಲಿ ಕುಳಿತವನ ಕಿವಿಗೆ ನಾಲ್ಕೂ ಅಲೆಗಳು ಒಂದೇ ಹೆಜ್ಜೆಯಲ್ಲಿ ಬಂದು ಕೂಡುವುದರಿಂದ ನಾಲ್ಕು ಅರ್ಧಗಳು ಸೇರಿ ಎರಡಾಗುವುವು. ಒತ್ತಡ ಇಮ್ಮಡಿಯಾದರೆ ೬ ಡೆಸಿಬೆಲ್ ಲಾಭ. ಎಂಬತ್ತೊಂಬತ್ತು ತೊಂಬತ್ತೈದಾಯಿತು! ಇದೇ ಲಾಭವನ್ನು ವರ್ಧಕದಿಂದ ಪಡೆಯಬೇಕಾಗಿದ್ದರೆ ಅದರ ಶಕ್ತಿಯನ್ನು ನಾಲ್ಕು ಮಡಿ ಮಾಡಬೇಕಾಗುತ್ತಿತ್ತು.

ಈ ಶಕ್ತಿಯು ಶೂನ್ಯದಿಂದ ಹುಟ್ಟಿತೆ ಎಂದು ವಾಚಕರು ಕೇಳಬಹುದು. ಇಲ್ಲ, ಮೇಲಕ್ಕೂ ಕೆಳಕ್ಕೂ ಚದುರಿ ಹೋಗುತ್ತಿದ್ದುದನ್ನು ಕಂಬವು ಮುಂದಕ್ಕೆ ತಿರುಗಿಸಿತು. ೧೦೦೦ ಹರ್ಟ್ಸ್ ಆವೃತ್ತಿಯ ಸದ್ದಿನ ತರಂಗಾಂತರ ೩೪ ಸೆಂಟಿಮೀಟರ್. ಸ್ಪೀಕರುಗಳ ಕೇಂದ್ರಗಳು ೧೮ ಸೆಂಟಿಮೀಟರ್ ಅಂತರದಲ್ಲಿರುವ ನಮ್ಮ ಕಂಬದಿಂದ ಈ ಸದ್ದು ಹೊರಟಾಗ, ನೇರದಿಂದ ಸುಮಾರು ೨೮ ಡಿಗ್ರಿ ಮೇಲಕ್ಕಾಗಲಿ ಕೆಳಕ್ಕಾಗಲಿ ಹೋದರೆ ಅಲೆಗಳು ಒಂದನ್ನೊಂದು ಅಳಿಸಿಹಾಕುವುವು. ಅಡ್ಡಡ್ಡಲಾಗಿ ಮಾತ್ರ ಸದ್ದು ಅಗಲವಾಗಿ ಹರಡುವುದು. ಕೇಳುವವರು ಕುಳಿತಿರುವುದೂ ಅಡ್ಡಡ್ಡಲಾಗಿಯೇ ಅಲ್ಲವೆ? ಆದ್ದರಿಂದಲೇ ಕಂಬವನ್ನು ನಿಲ್ಲಿಸಬೇಕು, ಮಲಗಿಸಕೂಡದು. ಇಷ್ಟೇ ಎತ್ತರದ ಕಂಬದಿಂದ ೨೦೦ ಹರ್ಟ್ಸಿನ ಸದ್ದನ್ನು ಹೀಗೆ ಹಿಡಿದಿಡುವುದು ಸಾಧ್ಯವಿಲ್ಲ. ಅದರ ತರಂಗಾಂತರ ೧೭೦ ಸೆಂಟಿಮೀಟರ್.

ಪೆಟ್ಟಿಗೆಯನ್ನು ೧೨ ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಿಂದ ಮಾಡಿಸಿದೆವು: ಎತ್ತರ ೮೦, ಅಗಲ ೨೦, ಆಳ ೨೦ ಸೆಂಟಿಮೀಟರ್. ಸಂದುಗಳಲ್ಲಿ ಗಾಳಿ ನುಸುಳದಂತೆ ಅಂಟು ಹಾಕಿ, ಒಳಗೆ ದಿಂಬಿನ ಹತ್ತಿಯನ್ನು ಸಡಿಲವಾಗಿ ತುಂಬಿದೆವು. ಜೋಡಣೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಸ್ಪೀಕರಿನ ತಂತಿಗಳು ತಿರುವುಮುರುವಾದರೆ ಅದು ಉಳಿದ ಮೂರರ ವಿರುದ್ಧ ಕೆಲಸ ಮಾಡುವುದು. ಮೂರರಲ್ಲಿ ಒಂದು ಕಳೆದು ಎರಡು ಉಳಿಯುವುದು. ಗಳಿಸಿದ ೬ ಡೆಸಿಬೆಲ್ಲೂ ನಷ್ಟವಾಗುವುದು. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ, ಶಂಕು ಹೊರಕ್ಕೆ ಚಿಮ್ಮಿದಾಗ ಧನಧ್ರುವಕ್ಕೆ ತಾಗಿದ್ದ ತುದಿಗೆ ಕೆಂಪು ಗುರುತು ಹಾಕಿದರೆ ಈ ತಪ್ಪಾಗದು.

ವರ್ಧಕ ಮತ್ತು ತಂತಿ

೩೬ ವೋಲ್ಟಿನಲ್ಲಿ ನಡೆಯುವ, ಎರಡು ಕಂಬಗಳಿಗೂ ಐವತ್ತೈವತ್ತು ವ್ಯಾಟ್ ಕೊಡುವ 'ಡಿ ವರ್ಗ'ದ ವರ್ಧಕದ ಫಲಕವನ್ನು ಸಿದ್ಧರೂಪದಲ್ಲಿಯೇ ಕೊಂಡೆವು. ಈ ಬಗೆಯ ವರ್ಧಕವು ಸೆಕೆಂಡಿಗೆ ಲಕ್ಷಾಂತರ ಬಾರಿ ವಿದ್ಯುತ್ತನ್ನು ತೆರೆದು ಮುಚ್ಚುತ್ತ, ತೆರೆದಿರುವ ಕಾಲದ ಪ್ರಮಾಣವನ್ನು ಧ್ವನಿಗೆ ತಕ್ಕಂತೆ ಹೆಚ್ಚುಕಡಮೆ ಮಾಡುವುದು. ಶಾಖದಲ್ಲಿ ಪೋಲಾಗುವುದು ಅತ್ಯಲ್ಪ. ೨೩೦ ವೋಲ್ಟನ್ನು ಇಳಿಸಿ ಕೊಡುವ ಭಾಗವನ್ನು ಮುಚ್ಚಿದ ಪೆಟ್ಟಿಗೆಯ ರೂಪದಲ್ಲಿ ಕೊಂಡೆವು. ವಿದ್ಯಾರ್ಥಿಗಳು ಅದನ್ನು ಸ್ವತಃ ಮಾಡಲು ಹೋಗಬಾರದು.

ಹಲವರು ತಂತಿಯಲ್ಲಿ ಹಣ ಉಳಿಸಹೋಗುವರು. ಸ್ಪೀಕರು ೨೦ ಮೀಟರ್ ದೂರವಿದ್ದರೆ ಹೋಗಿ ಬರುವ ತಾಮ್ರದ ಉದ್ದ ೪೦ ಮೀಟರ್. ಅರ್ಧ ಚದರ ಮಿಲಿಮೀಟರಿನ ತಂತಿಯಾದರೆ ಅದರ ರೋಧ ಸುಮಾರು ೧.೪ ಓಮ್, ವರ್ಧಕದ ಶಕ್ತಿಯಲ್ಲಿ ನೂರಕ್ಕೆ ಹದಿನೈದು ಭಾಗ ತಂತಿಯನ್ನು ಬಿಸಿಮಾಡುವುದರಲ್ಲಿಯೇ ಕಳೆಯುವುದು. ಒಂದೂವರೆ ಚದರ ಮಿಲಿಮೀಟರಿನದಾದರೆ ಈ ನಷ್ಟ ಐದು ಭಾಗಕ್ಕಿಳಿಯುವುದು.

ಊಳಿಡುವ ರೋಗ

ಸ್ಪೀಕರಿನಿಂದ ಹೊರಟ ಸದ್ದು ಮೈಕನ್ನು ಸೇರಿ, ವರ್ಧಕದಲ್ಲಿ ಬೆಳೆದು, ಮತ್ತೆ ಸ್ಪೀಕರಿನಿಂದ ಹೊರಡುವುದು. ಒಂದು ಸುತ್ತಿನಲ್ಲಿ ಕುಗ್ಗಿದಷ್ಟಕ್ಕಿಂತ ಹಿಗ್ಗಿದ್ದು ಹೆಚ್ಚಾದರೆ ಅದು ಚಕ್ರಬಡ್ಡಿಯ ಸಾಲದಂತೆ ಬೆಳೆಯುವುದು. ಮೈಕಿಗೂ ಸ್ಪೀಕರಿಗೂ ೩.೪ ಮೀಟರ್ ದೂರವಿದ್ದರೆ ಒಂದು ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಪ್ರತಿ ಸುತ್ತಿನಲ್ಲಿ ನೂರಕ್ಕೆ ಹತ್ತರಂತೆ ಬೆಳೆದರೂ ಒಂದೇ ಸೆಕೆಂಡಿನಲ್ಲಿ ಹದಿಮೂರು ಸಾವಿರ ಮಡಿಗೂ ಮೀರಬೇಕು. ವರ್ಧಕದ ಶಕ್ತಿ ಮುಗಿಯುವುದರಿಂದ ಮಾತ್ರ ಅಲ್ಲಿಗೆ ನಿಲ್ಲುವುದು. ಇದನ್ನು ವಿಚಾರಿಸಿದ ಡೆನ್ಮಾರ್ಕಿನ ಭೌತವಿಜ್ಞಾನಿ ಲಾರ್ಸೆನ್ ಅವರ ಹೆಸರಿನಿಂದ ಇದಕ್ಕೆ ಲಾರ್ಸೆನ್ ಪರಿಣಾಮವೆಂದು ಹೆಸರುಂಟು.

ದೊಡ್ಡ ವರ್ಧಕವು ಈ ರೋಗಕ್ಕೆ ಮದ್ದಲ್ಲವೆಂಬುದು ಈಗ ಸ್ಪಷ್ಟ. ಮೈಕಿನಲ್ಲಿ ಮಾತಿನ ಪಾಲು ಹೆಚ್ಚಿ ಸ್ಪೀಕರಿನ ಪಾಲು ಕಡಮೆಯಾಗುವಂತೆ ಮಾಡುವುದೇ ಮದ್ದು. ಮೊದಲನೆಯದಾಗಿ, ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭಿಕರ ಕಡೆಗಿರಬೇಕು. ಎರಡನೆಯದಾಗಿ, ಹಿಂಬದಿಯ ಸದ್ದಿಗೆ ಕಿವುಡಾಗಿರುವ, ಹೃದಯಾಕಾರದ ಗ್ರಹಣಶಕ್ತಿಯುಳ್ಳ ಮೈಕನ್ನು ಆರಿಸಬೇಕು. ಮೂರನೆಯದಾಗಿ, ಬಾಯಿ ಮೈಕಿನ ಬಳಿಯಿರಬೇಕು. ಇಪ್ಪತ್ತು ಸೆಂಟಿಮೀಟರಿನಿಂದ ಹತ್ತಕ್ಕೆ ಬಂದರೆ ೬ ಡೆಸಿಬೆಲ್ ಲಾಭ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ನಾಲ್ಕನೆಯದಾಗಿ, ಬಳಕೆಯಲ್ಲಿಲ್ಲದ ಮೈಕನ್ನು ಮಿಕ್ಸರಿನಲ್ಲಿ ಮುಚ್ಚಬೇಕು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಸುರಕ್ಷಿತವಾಗಿ ಏರಿಸಬಹುದಾದ ಸದ್ದು ೩ ಡೆಸಿಬೆಲ್ ಕಡಮೆಯಾಗುವುದು. ಹಿಂದಿನ ವರ್ಷದ ನಾಟಕದಲ್ಲಿ ಎಂಟು ಮೈಕುಗಳು ತೆರೆದೇ ಇದ್ದವು. ನಟರಿಗೆ ಅವು ಎರಡು ಮೀಟರ್ ದೂರದಲ್ಲಿದ್ದವು. ಊಳಿಡದೆ ಇನ್ನೇನಾದೀತು?

ಮುರಿಯಬಾರದ ಪಿನ್ನು

ಎಲ್ಲವನ್ನೂ ಜೋಡಿಸಿದ ದಿನ ಸ್ಪೀಕರುಗಳಿಂದ ಎಡೆಬಿಡದೆ ಗುಂಯ್‌ಗುಟ್ಟುವ ಸದ್ದು ಬಂದಿತು. "ಪ್ಲಗ್ಗಿನ ಮೂರನೆಯ ಪಿನ್ನು ಮುರಿದುಬಿಟ್ಟರೆ ನಿಲ್ಲುತ್ತೆ ಸಾರ್, ನಮ್ಮೂರಲ್ಲಿ ಹಾಗೇ ಮಾಡ್ತಾರೆ" ಎಂದು ಒಬ್ಬ ವಿದ್ಯಾರ್ಥಿ ಇಕ್ಕಳವನ್ನು ಕೈಗೆತ್ತಿಕೊಂಡನು. ನಾವು ಅವನ ಕೈ ಹಿಡಿದೆವು. ಆ ಉದ್ದನೆಯ ದಪ್ಪ ಪಿನ್ನು ಭೂಸಂಪರ್ಕದ್ದು. ಒಳಗಿನ ತಂತಿ ಕಳಚಿ ಲೋಹದ ಪೆಟ್ಟಿಗೆಗೆ ತಾಗಿದರೆ ವಿದ್ಯುತ್ತು ಆ ಪಿನ್ನಿನ ಮೂಲಕ ನೆಲಕ್ಕಿಳಿದು ಫ್ಯೂಸು ಹಾರುವುದು. ಪಿನ್ನು ಇಲ್ಲದಿದ್ದರೆ ಅದು ಮೈಕಿನ ತಂತಿಯ ಹೊದಿಕೆಯ ಮೂಲಕ ಮೈಕಿನ ಲೋಹಕ್ಕೆ ಬರುವುದು. ಅದನ್ನು ಹಿಡಿದು ಬರಿಗಾಲಿನಲ್ಲಿ ನಿಂತವರೇ ನೆಲಕ್ಕೆ ದಾರಿಯಾಗುವರು. ಗುಂಯ್‌ಗುಟ್ಟುವಿಕೆ ನಿಂತೀತು, ಅದರೊಡನೆ ಒಂದು ಜೀವವೂ ನಿಂತೀತು.

ಕಾರಣವನ್ನು ಹುಡುಕಿದಾಗ, ಮಿಕ್ಸರನ್ನು ವೇದಿಕೆಯ ಪ್ಲಗ್ಗಿಗೂ ವರ್ಧಕವನ್ನು ಸಭಾಂಗಣದ ಇನ್ನೊಂದು ತುದಿಯ ಪ್ಲಗ್ಗಿಗೂ ಸಿಕ್ಕಿಸಿದ್ದುದು ಕಂಡುಬಂದಿತು. ಎರಡು ಭೂಸಂಪರ್ಕಗಳೂ ನಡುವಣ ಧ್ವನಿತಂತಿಯ ಹೊದಿಕೆಯೂ ಸೇರಿ ದೊಡ್ಡದೊಂದು ಕುಣಿಕೆಯಾಗಿತ್ತು. ಅದರಲ್ಲಿ ೫೦ ಹರ್ಟ್ಸಿನ ವಿದ್ಯುತ್ತು ಸುತ್ತುತ್ತಿತ್ತು. ಎರಡನ್ನೂ ಒಂದೇ ಬೋರ್ಡಿನಿಂದ ನಡೆಸಿದೊಡನೆ ಸದ್ದು ಅಡಗಿತು. ಮೂರು ಪಿನ್ನಿನ ಎಕ್ಸ್.ಎಲ್.ಆರ್. ತಂತಿಯನ್ನು ಬಳಸುವುದೂ ಇಂಥ ಪೀಡೆಗೆ ಪರಿಹಾರ. ಅದರ ಎರಡು ತಂತಿಗಳಲ್ಲಿ ಧ್ವನಿಯು ಪರಸ್ಪರ ವಿರುದ್ಧವಾಗಿ ಹರಿಯುವುದು. ಹೊರಗಿನಿಂದ ನುಸುಳಿದ ಗದ್ದಲವಾದರೋ ಎರಡರಲ್ಲಿಯೂ ಸಮನಾಗಿರುವುದು. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಅಳಿದು ಧ್ವನಿ ಉಳಿಯುವುದು. ಬೋರ್ಡಿಗೆ ೩೦ ಮಿಲಿ ಆಂಪಿಯರಿನ ಸೋರಿಕೆ ರಕ್ಷಕವನ್ನು ಹಾಕಿಸಲು ಉಳಿದ ಹಣವನ್ನು ವಿನಿಯೋಗಿಸಿದೆವು.

ಸಭಾಂಗಣವೂ ಒಂದು ಉಪಕರಣ

ಕಾಲು, ಪಾಲು, ಸಾಲು, ಹಾಲು: ಈ ಮಾತುಗಳ ಭೇದವೆಲ್ಲ ಮೊದಲ ವ್ಯಂಜನದಲ್ಲಿದೆ. ಸ್ವರಗಳು ಬಲವಾದವು, ಬಹುಮಟ್ಟಿಗೆ ಕೆಳಗಿನ ಆವೃತ್ತಿಯವು. ಈ ವ್ಯಂಜನಗಳು ದುರ್ಬಲವಾದವು, ಮೇಲಿನ ಆವೃತ್ತಿಯವು. ಹಿಂದಿನ ಸ್ವರದ ಅನುರಣನ ಇನ್ನೂ ಗೋಡೆಗಳ ನಡುವೆ ಸುಳಿದಾಡುತ್ತಿದ್ದರೆ ಮುಂದಿನ ವ್ಯಂಜನ ಅದರಲ್ಲಿ ಮುಳುಗಿಹೋಗುವುದು. ಸದ್ದಿದ್ದರೂ ಮಾತಿಲ್ಲದಿದ್ದುದರ ಗುಟ್ಟು ಇದು. ಅದಕ್ಕಾಗಿಯೇ ೧೦೦ ಹರ್ಟ್ಸಿಗಿಂತ ಕೆಳಗಿನ ಸದ್ದನ್ನು ಮಿಕ್ಸರಿನಲ್ಲಿಯೇ ತಡೆದೆವು.

ಅನುರಣನದ ಕಾಲವನ್ನು ಲೆಕ್ಕ ಮಾಡುವ ಸೂತ್ರವನ್ನು ಕಂಡುಹಿಡಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೀನ್. ಘನ ಮೀಟರುಗಳಲ್ಲಿನ ಗಾತ್ರವನ್ನು ೦.೧೬ರಿಂದ ಗುಣಿಸಿ, ಒಟ್ಟು ಶೋಷಣೆಯಿಂದ ಭಾಗಿಸಬೇಕು. ಒಂದು ಚದರ ಮೀಟರಿನ ತೆರೆದ ಕಿಟಕಿ ಒಂದು ಮಾನ. ಅದರಿಂದ ಹೊರಗೆ ಹೋದ ಸದ್ದು ಮರಳಿ ಬಾರದಷ್ಟೆ. ನಮ್ಮ ಸಭಾಂಗಣದ ಗಾತ್ರ ೭೨೦ ಘನ ಮೀಟರ್. ಬರಿದಾಗಿರುವಾಗ ಗೋಡೆ, ನೆಲ, ಚಾವಣಿಗಳ ಒಟ್ಟು ಶೋಷಣೆಯನ್ನು ೨೭ ಮಾನಗಳೆಂದು ಅಂದಾಜು ಮಾಡಿದೆವು. ಅನುರಣನ ಕಾಲ ನಾಲ್ಕು ಸೆಕೆಂಡಿಗೂ ಮೀರುವುದು. ಒಬ್ಬೊಬ್ಬ ಮನುಷ್ಯನಿಗೆ ೦.೪ರಂತೆ ಇನ್ನೂರು ಜನರನ್ನು ಸೇರಿಸಿದರೆ ೧೦೭ ಮಾನ; ಕಾಲ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯುವುದು. ಹಾಗೆಂದಮೇಲೆ ಬರಿದಾದ ಸಭಾಂಗಣದಲ್ಲಿ ಸದ್ದು ಕೆಟ್ಟದಾಗಿ ಕೇಳಿತೆಂದು ಎದೆಗುಂದಬಾರದು. ಕಂಬಗಳ ಮುಖವನ್ನು ಗೋಡೆಗಲ್ಲ, ಜನರ ಕಡೆಗೆ ತಿರುಗಿಸಬೇಕು. ನಾವು ಭಾರವಾದ ಪೀಠದ ಮೇಲೆ, ಬೀಳದಂತೆ ಕಟ್ಟಿ, ಕಂಬಗಳನ್ನು ಆಳೆತ್ತರಕ್ಕಿಂತ ಮೇಲೆ ನಿಲ್ಲಿಸಿ ಕಡೆಯ ಸಾಲಿನ ಕಡೆಗೆ ಸ್ವಲ್ಪ ಬಾಗಿಸಿದೆವು. ಮುಂದಿನ ಸಾಲಿನವರು ಧ್ವನಿಯ ಪಟ್ಟಿಯ ಅಂಚಿನಲ್ಲಿದ್ದುದರಿಂದ ಅವರ ಕಿವಿ ಗಡಚಿಕ್ಕಲಿಲ್ಲ.

ಕಿವಿಯ ವಿಷಯದಲ್ಲಿ ಒಂದು ಮಾತು. ೮೫ ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದು ತಜ್ಞರ ಒಂದು ಮಿತಿಯುಂಟು. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಕಾಲ ಅರ್ಧವಾಗುವುದು. ನೂರು ಡೆಸಿಬೆಲ್ಲಿನಲ್ಲಿ ಹದಿನೈದೇ ನಿಮಿಷ. ನಮ್ಮ ದೇಶದ ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಎಂದು ವಿಧಿಸಿವೆ. ತೆರೆದ ಸ್ಥಳಗಳಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿವೆ. ಜನರು ಬೇಸತ್ತು 'ಮೈಕಾಸುರ'ನೆಂದು ಕರೆಯುವ ಪಿಡುಗನ್ನು ವಿಜ್ಞಾನದ ವಿದ್ಯಾರ್ಥಿಗಳೇ ಬೆಳೆಸಬಾರದು.

ಮುಂದಿನ ವರ್ಷದ ನಾಟಕದಲ್ಲಿಯೂ ಅದೇ ವಿದ್ಯಾರ್ಥಿನಿ ಪಾತ್ರ ವಹಿಸಿದಳು. ವೇದಿಕೆಯ ಅಂಚಿನಲ್ಲಿ ಮೂರೇ ಮೈಕುಗಳು. ಮಾತನಾಡುವವರ ಬಳಿಯದೊಂದು ಮಾತ್ರ ತೆರೆದಿರುವಂತೆ ಒಬ್ಬ ವಿದ್ಯಾರ್ಥಿ ಮಿಕ್ಸರಿನ ಮುಂದೆ ನಾಟಕದ ಪ್ರತಿಯನ್ನು ಹಿಡಿದು ಕುಳಿತಿದ್ದನು. ಒಂದೆರಡು ಸಲ ಅವನು ತಡಮಾಡಿದ್ದರಿಂದ ಕೆಲವು ಮಾತುಗಳು ನಷ್ಟವಾದದ್ದುಂಟು. ಆದರೂ ನಾಟಕ ಮುಗಿದು ನಾವು ಕಡೆಯ ಸಾಲಿಗೆ ಹೋದಾಗ ಆ ತಾಯಿ ನಮ್ಮನ್ನು ಏನೂ ಕೇಳಲಿಲ್ಲ. ಮಗಳು ಆಡಿದ ಮಾತೊಂದನ್ನು ಪಕ್ಕದವರಿಗೆ ಹೇಳಿ ನಗುತ್ತಿದ್ದರು.

ಈ ಹವ್ಯಾಸವನ್ನು ಕೈಗೊಳ್ಳಬಯಸುವವರು ಮೊದಲು ಒಂದು ಅಳತೆಯ ಪಟ್ಟಿಯನ್ನು ಹಿಡಿದು ತಮ್ಮ ಶಾಲೆಯ ಸಭಾಂಗಣವನ್ನು ಅಳೆಯಲಿ. ಅಂಗಡಿಗೆ ಹೋಗುವುದು ಆಮೇಲೆ.